ಕ್ಯಾಮೆರಾ ಆಫ್‌ಲೈನ್ ಆಗುತ್ತಿದ್ದದ್ದು ವೈಫೈಯಿಂದ ಅಲ್ಲ, ವೈರಿನಿಂದ: ನನ್ನ ಅನುಭವ

ಗೇಟಿನ ಕಡೆ ಮುಖ ಮಾಡಿರುವ ನನ್ನ ಕ್ಯಾಮೆರಾ ಹೆಚ್ಚುಕಡಿಮೆ ಐದು ತಿಂಗಳಿಂದ ಕೈಕೊಟ್ಟಿಲ್ಲ. ಕರೆಂಟ್ ಹೋದ ಹೊತ್ತನ್ನು ಲೆಕ್ಕಕ್ಕೆ ಹಿಡಿಯುವುದು ಬೇಡ. ಸ್ವಲ್ಪ ಜಂಬದಿಂದಲೇ ಹೇಳುತ್ತಿದ್ದೇನೆ. ಅದಕ್ಕೂ ಮೊದಲು ಏಳೆಂಟು ತಿಂಗಳು ಎಲ್ಲರ ಬಾಯಲ್ಲೂ ಒಂದೇ ಮಾತು: "ರೂಟರ್ ಬದಲಾಯಿಸು."

ಕತ್ತು ತಿರುಗಿಸುವ ಮಾದರಿಯ ಕ್ಯಾಮೆರಾ ಅದು. 5 ವೋಲ್ಟ್ ಯುಎಸ್‌ಬಿ ಪವರ್, 2.4 ಗಿಗಾಹರ್ಟ್ಸ್ ವೈಫೈ ಮಾತ್ರ. ಹಗಲೆಲ್ಲ ಚೆನ್ನಾಗಿ ಓಡುತ್ತಿತ್ತು. ಕತ್ತಲಾದ ಮೇಲೆ ಆ್ಯಪ್ ತೆರೆದರೆ ಬೂದು ಬಣ್ಣದ ಪರದೆ, ಆಫ್‌ಲೈನ್. ಎರಡು ನಿಮಿಷಕ್ಕೆ ತಾನೇ ವಾಪಸ್ ಬರುತ್ತಿತ್ತು. ಕೆಲವು ರಾತ್ರಿ ನಾಲ್ಕು ಸಲ, ಕೆಲವು ರಾತ್ರಿ ಹದಿನೈದು ಸಲ. ಕಳ್ಳ ಬರುವುದೇ ಕತ್ತಲಲ್ಲಿ, ಕಾವಲುಗಾರ ನಿದ್ದೆ ಹೊಡೆಯುವುದೂ ಕತ್ತಲಲ್ಲಿ!

ಮೊದಲು ನಾನೂ ಎಲ್ಲರ ಹಾಗೆ ವೈಫೈ ಹಿಂದೆಯೇ ಬಿದ್ದೆ. ಸಿಗ್ನಲ್ಲನ್ನು ದೂರಕ್ಕೆ ಮುಟ್ಟಿಸುವ ರೇಂಜ್ ಎಕ್ಸ್‌ಟೆಂಡರ್ ತಂದೆ. ಕ್ಯಾಮೆರಾ ಇದ್ದ ಜಾಗದಲ್ಲಿ ಮೊಬೈಲ್ ಹಿಡಿದು ನೋಡಿದರೆ ಸಿಗ್ನಲ್ ಮೈನಸ್ 74 ಡಿಬಿಎಂ ಆಸುಪಾಸಿನಿಂದ ಮೈನಸ್ 58ಕ್ಕೆ ಬಂತು (ಈ ಅಳತೆಯಲ್ಲಿ ಸೊನ್ನೆಗೆ ಹತ್ತಿರವಾದಷ್ಟೂ ಸಿಗ್ನಲ್ ಗಟ್ಟಿ). ಖುಷಿಯಾಯಿತು. ಅದೇ ರಾತ್ರಿ ಆರು ಸಲ ಆಫ್‌ಲೈನ್. ಆಮೇಲೆ ಉದ್ದ ಆಂಟೆನಾಗಳ ಇನ್ನೊಂದು ರೂಟರ್ ಬಂತು. ಅದೂ ಅಷ್ಟೇ. ಕೊನೆಗೆ ಕ್ಯಾಮೆರಾವೇ ಕೆಟ್ಟಿದೆ ಎಂದು ಅದೇ ಮಾದರಿಯ ಹೊಸದನ್ನು ತರಿಸಿ ಅದೇ ಕೊಕ್ಕೆಗೆ ಸಿಕ್ಕಿಸಿದೆ. ಮೂರು ದಿನದಲ್ಲಿ ಅದೂ ಅದೇ ರಾಗ ಹಾಡಿತು. ಹೀಗೆ ಸುರಿದ ದುಡ್ಡಿನಲ್ಲಿ ಇನ್ನೂ ಮೂರು ಕ್ಯಾಮೆರಾ ಬರುತ್ತಿತ್ತು. ಬಿಲ್ ಕೂಡಿಸಿ ನೋಡುವ ಧೈರ್ಯ ಈಗಲೂ ಇಲ್ಲ.

ನೆಟ್‌ವರ್ಕ್ ಕೆಲಸವನ್ನೇ ಮಾಡುವ ಗೆಳೆಯನೊಬ್ಬನಿದ್ದಾನೆ. ಅವನು ಬಂದು ಪೂರ್ತಿ ಮೆಶ್, ಅಂದರೆ ಮನೆ ತುಂಬ ಒಂದಕ್ಕೊಂದು ಜೋಡಿಸಿದ ವೈಫೈ ಪೆಟ್ಟಿಗೆಗಳನ್ನು, ಹಾಕಿಸು ಎಂದ. ಬಹುಶಃ ಹಾಕಿಸಿಯೇ ಬಿಡುತ್ತಿದ್ದೆ. ಅಷ್ಟರಲ್ಲಿ ಒಂದು ರಾತ್ರಿ ನನ್ನ ಹೆಂಡತಿ ಕೇಳಿದಳು: "ರೀ, ಅದು ರಾತ್ರಿ ಹೊತ್ತು ಸುಮ್ನೆ ಸುಮ್ನೆ ಕತ್ತು ತಿರುಗಿಸುತ್ತದಲ್ಲ, ಯಾಕೆ? ಕಿಟಕಿ ಹತ್ತಿರ ಮಲಗಿದರೆ ಕಿರ್ ಅನ್ನುತ್ತೆ."

ನನ್ನ ತಲೆ ಓಡಿದ್ದು ಆಗ. ಈ ಮಾದರಿಯ ಕ್ಯಾಮೆರಾ ಕತ್ತನ್ನು ಈ ತುದಿಯಿಂದ ಆ ತುದಿಗೆ ಪೂರ್ತಿ ತಿರುಗಿಸುವುದು ಆನ್ ಆಗುವಾಗ. ಅಂದರೆ ಅದು ವೈಫೈ ಕಳೆದುಕೊಳ್ಳುತ್ತಿರಲಿಲ್ಲ, ಸತ್ತು ಹುಟ್ಟುತ್ತಿತ್ತು. ಆ್ಯಪ್‌ಗೆ ಎರಡೂ ಒಂದೇ, ಆಫ್‌ಲೈನ್ ಅಷ್ಟೇ. ಮೆಮೊರಿ ಕಾರ್ಡ್ ತೆಗೆದು ನೋಡಿದೆ. ವೈಫೈ ಮಾತ್ರ ಹೋಗಿದ್ದರೆ ಕಾರ್ಡಿನಲ್ಲಿ ರೆಕಾರ್ಡಿಂಗ್ ಮುಂದುವರಿಯಬೇಕಿತ್ತು, ಅಲ್ವಾ? ಆಫ್‌ಲೈನ್ ಆದ ಹೊತ್ತಿಗೆಲ್ಲ ಅಲ್ಲೂ ಒಂದೊಂದು ನಿಮಿಷದ ತೂತು. ಏಳು ತಿಂಗಳು ಆ ಕಾರ್ಡ್ ಅಲ್ಲೇ ಇತ್ತು, ತೆಗೆದು ನೋಡುವ ಬುದ್ಧಿ ನನಗೆ ಬಂದಿರಲಿಲ್ಲ.

ಗೆಳೆಯನಿಗೆ ಹೇಳಿದರೆ ನಕ್ಕ. "ಅಡಾಪ್ಟರ್ 2 ಆಂಪಿಯರ್ ಕೊಡುತ್ತೆ, ಕ್ಯಾಮೆರಾ ಅರ್ಧವೂ ಕುಡಿಯಲ್ಲ. ಪವರ್ ತೊಂದರೆ ಹೆಂಗಾಗುತ್ತೋ?" ಮಾತು ಸರಿಯೇ. ಅಡಾಪ್ಟರ್ ತುದಿಯಲ್ಲಿ ಅಳೆದೆ, 5.1 ವೋಲ್ಟ್. ಕಲ್ಲಿನ ಹಾಗೆ ನಿಂತಿತ್ತು. ಆದರೆ ಕ್ಯಾಮೆರಾ ಇರುವುದು ಐದು ಮೀಟರ್ ಆಚೆ. ಏಣಿ ಹತ್ತಿ, ಯುಎಸ್‌ಬಿ ಟೆಸ್ಟರನ್ನು ಕ್ಯಾಮೆರಾ ಕಡೆಯ ತುದಿಗೆ ಸಿಕ್ಕಿಸಿದೆ. ಹಗಲಲ್ಲಿ 4.5, ಕರೆಂಟ್ 300 ಮಿಲಿಆಂಪ್ ಇರಬಹುದು. ಕತ್ತಲಾಗುವವರೆಗೆ ಏಣಿ ಮೇಲೆಯೇ ಕೂತೆ. ಟಿಕ್ ಎಂದು ಒಳಗಿನ ಫಿಲ್ಟರ್ ಸರಿದು ಐಆರ್ ದೀಪಗಳು (ಕತ್ತಲಲ್ಲಿ ಕ್ಯಾಮೆರಾಗೆ ಕಾಣಲೆಂದು ಇರುವ ಇನ್‌ಫ್ರಾರೆಡ್ ದೀಪಗಳು) ಹತ್ತಿದವು. ಕರೆಂಟ್ 500 ದಾಟಿತು, ವೋಲ್ಟೇಜ್ 4ಕ್ಕೆ ಇಳಿಯಿತು. ಮೊಬೈಲಿನಿಂದ ಕತ್ತು ತಿರುಗಿಸಿದೆ. 3.7 ಎಂದೇನೋ ಮಿಂಚಿ, ಕ್ಯಾಮೆರಾ ಕಣ್ಣು ಮುಚ್ಚಿತು. ಏಣಿ ಮೇಲೆ ಕೂತು ನಾನೊಬ್ಬನೇ ನಕ್ಕಿದ್ದು ಯಾರಾದರೂ ನೋಡಿದ್ದರೆ ಏನಂದುಕೊಳ್ಳುತ್ತಿದ್ದರೋ.

ಕೇಬಲ್ ಮೈಮೇಲೆ ಸಣ್ಣ ಅಕ್ಷರದಲ್ಲಿ 28 ಎಡಬ್ಲ್ಯುಜಿ ಎಂದಿತ್ತು. ಅದು ತಂತಿ ದಪ್ಪದ ಅಳತೆ, ಅಂಕಿ ಏರಿದಷ್ಟೂ ತಂತಿ ಸಣ್ಣ. ಕೂದಲಿನಂಥ ತಂತಿ. ಕರೆಂಟಿಗೆ ಅದರ ತಡೆ ಮೀಟರಿಗೆ ಸುಮಾರು 0.21 ಓಮ್. ಹೋಗಿ ಬರುವ ದಾರಿ ಸೇರಿ ಹತ್ತು ಮೀಟರ್, ಅಂದರೆ ಎರಡು ಓಮಿಗೂ ಸ್ವಲ್ಪ ಜಾಸ್ತಿ. ಅರ್ಧ ಆಂಪಿಯರ್ ಹರಿದರೆ ಒಂದು ವೋಲ್ಟ್ ದಾರಿಯಲ್ಲೇ ಖರ್ಚು. ಲೆಕ್ಕ ಟೆಸ್ಟರಿನ ಅಂಕಿಗೆ ಸರಿಯಾಗಿ ತಾಳೆಯಾಯಿತು. ಅಡಾಪ್ಟರ್ ಎಷ್ಟು ದೊಡ್ಡದಾದರೇನು, ಪೈಪೇ ಸಣ್ಣದು.

ದಪ್ಪ ಯುಎಸ್‌ಬಿ ಕೇಬಲ್ ತಂದರೆ ಮುಗಿಯಿತು ಎಂದು ನೀವು ಹೇಳಬಹುದು. ನಾನೂ ತಂದೆ, ಎರಡು. ಒಂದರ ಹೊದಿಕೆ ಮಾತ್ರ ದಪ್ಪ, ಒಳಗೆ ಅದೇ ಕೂದಲು. ಕತ್ತರಿಸಿ ನೋಡಿದ ಮೇಲೆಯೇ ಗೊತ್ತಾಗಿದ್ದು. ಇನ್ನೊಂದು ಪರವಾಗಿಲ್ಲ, ರಾತ್ರಿ 4.5 ಸಿಕ್ಕಿತು, ಆದರೂ ವಾರಕ್ಕೆ ಎರಡು ಮೂರು ಸಲ ಬೀಳುತ್ತಿತ್ತು.

ಆಮೇಲೆ ನಾನು ಮಾಡಿದ್ದು ಇಷ್ಟು. ಹಳೇ ರೂಟರಿನ 12 ವೋಲ್ಟ್ ಅಡಾಪ್ಟರ್ ಪೆಟ್ಟಿಗೆಯಲ್ಲಿ ಬಿದ್ದಿತ್ತು. ಉಳಿದಿದ್ದ ನೆಟ್‌ವರ್ಕ್ ಕೇಬಲಿನ ಒಂದು ತುಂಡೂ ಇತ್ತು. ಅದರ ಎಂಟು ತಂತಿಗಳಲ್ಲಿ ನಾಲ್ಕನ್ನು ಹೆಣೆದು ಪ್ಲಸ್ಸಿಗೆ, ನಾಲ್ಕನ್ನು ಮೈನಸ್ಸಿಗೆ ಕೊಟ್ಟೆ. ಗೋಡೆಯಾಚೆ, ಕ್ಯಾಮೆರಾ ಪಕ್ಕ ಒಂದು ಬಕ್ ಕನ್ವರ್ಟರ್ ಕೂರಿಸಿ 12ನ್ನು 5ಕ್ಕೆ ಇಳಿಸಿದೆ. ವೋಲ್ಟೇಜ್ ಜಾಸ್ತಿ ಇದ್ದರೆ ಅಷ್ಟೇ ಪವರಿಗೆ ಕರೆಂಟ್ ಕಡಿಮೆ ಸಾಕು. ದಾರಿಯಲ್ಲಿ ಅಲ್ಪಸ್ವಲ್ಪ ಕಳೆದರೂ ಬಕ್ ತುದಿಯಲ್ಲಿ ಸರಿಮಾಡಿಕೊಳ್ಳುತ್ತದೆ. ಒಟ್ಟು ಖರ್ಚು ಕ್ಯಾಮೆರಾ ಬೆಲೆಯ ಹತ್ತನೇ ಒಂದು ಭಾಗವೂ ಆಗಲಿಲ್ಲ.

ಒಂದೇ ಸಲಕ್ಕೆ ಆಗಲಿಲ್ಲ ಅನ್ನಿ. ಮೊದಲ ಬಕ್ ತಿರುಪು ತಿರುಗಿಸಿ ಹೊಂದಿಸುವ ಥರದ್ದು. 5ಕ್ಕೆ ತಂದಿದ್ದೇನೆ ಎಂದುಕೊಂಡು ಅಳೆಯದೇ ಸಿಕ್ಕಿಸಿದೆ. ಹೊಗೆ. ಬದಲಿಗೆಂದು ತರಿಸಿದ್ದ ಎರಡನೇ ಕ್ಯಾಮೆರಾ ಹೋಯಿತು. ಒಳ್ಳೆಯ ಕ್ಯಾಮೆರಾವನ್ನೇ ಕೊಂದೆ ಎಂದು ಎರಡು ದಿನ ಮನೆಯಲ್ಲಿ ಬಾಯಿ ಬಿಡಲಿಲ್ಲ. ಈಗ 5 ವೋಲ್ಟ್ ಫಿಕ್ಸ್ ಆಗಿರುವ ಬಕ್ ಮಾತ್ರ ಮುಟ್ಟುತ್ತೇನೆ. ಇನ್ನೊಂದು: ಬಕ್ಕನ್ನು ಕ್ಯಾಮೆರಾ ಬೆನ್ನಿಗೇ ಅಂಟಿಸಿದಾಗ ಸಿಗ್ನಲ್ ಕೆಟ್ಟಿತು. ಒಂದು ಅಡಿ ದೂರ ಸರಿಸಿದೆ, ಸರಿಹೋಯಿತು. ಬಕ್ ಪಕ್ಕದಲ್ಲಿ ಇನ್ನೂ ಒಂದು ಸಣ್ಣ ಭಾಗ ಹಾಕಿದ್ದೇನೆ. ಮೋಟಾರ್ ಎಳೆದಾಗ ವೋಲ್ಟೇಜ್ ಅಲುಗದೇ ನಿಲ್ಲುವುದು ಅದರಿಂದಲೇ. ಅದು ಎಷ್ಟರದ್ದು, ಬಕ್ ಇಟ್ಟ ಡಬ್ಬಿಗೆ ನೀರು ಇಳಿಯದ ಹಾಗೆ ಹೇಗೆ ಮುಚ್ಚಿದೆ ಎಂಬುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಕೈಗೆ ಸೋಲ್ಡರ್ ಹಿಡಿದು ಅಭ್ಯಾಸ ಇರುವವರಿಗೆ ಊಹೆ ಕಷ್ಟವಲ್ಲ.

ಮಧ್ಯೆ ಮಾಡಿದ ಕೆಲವು ಕಪಿಚೇಷ್ಟೆಗಳನ್ನೂ ಹೇಳಿಬಿಡುತ್ತೇನೆ. ಐಆರ್ ಆಫ್ ಮಾಡಿ ಹೊರಗೆ ಸಣ್ಣ ಎಲ್‌ಇಡಿ ಬಲ್ಬ್ ಹಾಕಿ ನೋಡಿದೆ. ಹಳೇ ಕೇಬಲಿನಲ್ಲೇ ರಾತ್ರಿಗೆ ಒಂದೇ ಸಲ ಬಿತ್ತು. ರೋಗ ಯಾವುದು ಎಂಬುದಕ್ಕೆ ಅದೇ ಗಟ್ಟಿ ಸಾಕ್ಷಿ. ಐಆರ್ ಬೆಳಕಿಲ್ಲದ ಆ ವಾರ ಲೆನ್ಸಿನ ಮೇಲೆ ಜೇಡ ಬಲೆ ಕಟ್ಟಲಿಲ್ಲ ಎಂಬುದು ಉಚಿತ ಲಾಭ. ಹುಳ ಹಾರಿದರೆ ಬರುತ್ತಿದ್ದ ಸುಳ್ಳು ಅಲರ್ಟುಗಳೂ ಕಡಿಮೆಯಾದವು. ಟೈಮರ್ ಪ್ಲಗ್ ಹಾಕಿ ದಿನಾ ಸಂಜೆ ರೀಸ್ಟಾರ್ಟ್ ಮಾಡಿಸಿದ್ದೂ ಉಂಟು. ಪ್ರಯೋಜನ ಸೊನ್ನೆ. ಆಂಟೆನಾ ಹಿಂದೆ ಅಲ್ಯೂಮಿನಿಯಂ ಹಾಳೆ ಬಗ್ಗಿಸಿ ಇಟ್ಟಾಗ ಗೇಟಿನ ಕಡೆ ಸಿಗ್ನಲ್ ನಿಜವಾಗಿಯೂ ಏರಿತು, ಅಡುಗೆಮನೆಯಲ್ಲಿ ಹೋಯಿತು. ಅದನ್ನು ಮನೆಯವರು ಅದೇ ದಿನ ಕಿತ್ತು ಹಾಕಿಸಿದರು.

ವೈಫೈ ಪೂರ್ತಿ ನಿರಪರಾಧಿ ಎಂದೂ ಹೇಳಲಾರೆ. ಪವರ್ ಸರಿಯಾದ ಮೇಲೂ ಮೂರು ವಾರದಲ್ಲಿ ಎರಡು ಸಲ ಕ್ಯಾಮೆರಾ ಇಡೀ ದಿನ ಕಾಣೆಯಾಯಿತು. ಈ ಸಲ ಕಾರ್ಡಿನಲ್ಲಿ ತೂತಿರಲಿಲ್ಲ, ಹಾಗಾಗಿ ಧೈರ್ಯವಾಗಿ ರೂಟರ್ ಕಡೆ ಬೆರಳು ತೋರಿಸಿದೆ. ವೈಫೈ ಓಡುವ ಚಾನೆಲ್ ಆಟೋ ಮೇಲಿತ್ತು, ಅದು ಹೋಗಿ 13ರಲ್ಲಿ ಕೂತಿತ್ತು. ಈ ಕ್ಯಾಮೆರಾ 11ರ ಆಚೆ ಕಣ್ಣೆತ್ತಿ ನೋಡುವುದಿಲ್ಲ. 6ಕ್ಕೆ ಕಟ್ಟಿಹಾಕಿದೆ, ಅಗಲ 20 ಮೆಗಾಹರ್ಟ್ಸ್. ರೂಟರ್ ವಿಳಾಸ ಹಂಚುವ ಡಿಎಚ್‌ಸಿಪಿಯಲ್ಲಿ ಕ್ಯಾಮೆರಾಗೆ ಒಂದೇ ವಿಳಾಸ ಮೀಸಲಿಟ್ಟೆ. ಹತ್ತು ನಿಮಿಷದ ಕೆಲಸ.

ಹಳೇ ಲ್ಯಾಪ್‌ಟಾಪಿನಿಂದ ಕ್ಯಾಮೆರಾಗೆ ನಿಮಿಷಕ್ಕೊಂದು ಪಿಂಗ್ ("ಇದ್ದೀಯಾ?" ಎಂಬ ಕರೆ) ಕಳಿಸಿ ಫೈಲಿಗೆ ಬರೆಸುತ್ತಿದ್ದೇನೆ. ಬಕ್ ಹಾಕುವ ಮೊದಲು ಒಂದು ರಾತ್ರಿಗೆ ಇಪ್ಪತ್ತು ಮೂವತ್ತು ಪಿಂಗ್ ತಪ್ಪುತ್ತಿತ್ತು. ಈಗ ತಿಂಗಳಿಗೆ ಅಷ್ಟು. ಆ ಫೈಲನ್ನು ಗೆಳೆಯನಿಗೆ ತೋರಿಸಿದೆ. ಏನೂ ಹೇಳಲಿಲ್ಲ. ಎರಡು ವಾರ ಬಿಟ್ಟು ರಾತ್ರಿ ಹತ್ತಕ್ಕೆ ಫೋನ್ ಮಾಡಿ, "ಲೋ, ಆ ಬಕ್ ಫಿಕ್ಸ್ ಇರೋದೇ ಬೇಕಾ, ತಿರುಪಿಂದು ನಡೆಯಲ್ವಾ?" ಎಂದು ಕೇಳಿದ.

ಹಿತ್ತಲಿನ ಕ್ಯಾಮೆರಾ ಮಾತ್ರ ಇನ್ನೂ ಸತಾಯಿಸುತ್ತಿದೆ. ಅದು ಬೀಳುವುದು ಮಳೆ ಬಂದ ಮಾರನೇ ದಿನ ಮಾತ್ರ, ಕಾರ್ಡಿನಲ್ಲೂ ತೂತಿದೆ. ವೈರ್ ಜಾಯಿಂಟಿನಲ್ಲಿ ತಾಮ್ರಕ್ಕೆ ಹಸಿರು ಕಿಲುಬು ಹಿಡಿದಿರಬೇಕು. ಏಣಿ ಖಾಲಿ ಇರುವ ಭಾನುವಾರ ಬಿಚ್ಚಿ ನೋಡಬೇಕು.