ಕೈಯಲ್ಲಿ ಕಿತ್ತು ಬರದ ಹಿಡಿ: ಹೊಸೂರಿನ ಶೆಡ್ಡಿನಲ್ಲಿ ನಾನು ಕಲಿತದ್ದು

ನಾಲ್ಕು ಪೆಟ್ಟಿಗೆ ಮಾಲು ವಾಪಸ್ ಬಂದ ದಿನದಿಂದಲೇ ಶುರು ಮಾಡುತ್ತೇನೆ. ಆಂಗಲ್ ಗ್ರೈಂಡರಿನ ಪಕ್ಕಕ್ಕೆ ತಿರುಗಿಸಿ ಹಾಕುವ ಹಿಡಿಗಳು ಅವು. ಒಳಗೆ ಗಟ್ಟಿ ನೈಲಾನ್, ಮೇಲೆ ರಬ್ಬರಿನ ಹಾಗೆ ಮೆತ್ತಗಿನ ಪದರ. ನೋಡಲು ಚೆನ್ನಾಗಿಯೇ ಇದ್ದವು. ಒಂದನ್ನು ಹಿಡಿದು ಗಟ್ಟಿಯಾಗಿ ತಿರುಚಿದೆ. ಮೇಲಿನ ಪದರ ಕಾಲುಚೀಲದ ಹಾಗೆ ಸುತ್ತ ತಿರುಗಿತು. ಉಗುರಿನಿಂದ ಅಂಚು ಎತ್ತಿದೆ, ಪೂರ್ತಿ ಕಳಚಿ ಬಂತು. ನೈಲಾನ್ ಮೇಲೆ ಒಂದು ಚೂರೂ ಅಂಟಿರಲಿಲ್ಲ. ನಿಮಿಷಕ್ಕೆ 11,000 ಸುತ್ತು ತಿರುಗುವ ಮೆಷಿನ್ನಿನ ಹಿಡಿ ಅದು. ಹಿಡಿದವರ ಕೈ ಜಾರಿದರೆ ಏನಾಗಬಹುದು ಅಂತ ನೆನೆದು ಅವತ್ತು ನನಗೆ ನಿದ್ದೆ ಬರಲಿಲ್ಲ.

ನಮ್ಮೂರು ತಳಿ ಕಡೆ. ಶೆಡ್ಡು ಹೊಸೂರಿನಲ್ಲಿ, ಸಿಪ್ಕಾಟ್ ಕೈಗಾರಿಕಾ ಪ್ರದೇಶ ದಾಟಿದ ಮೇಲೆ. ಮನೆಯಲ್ಲಿ ಕನ್ನಡ, ಶೆಡ್ಡಿನಲ್ಲಿ ಕನ್ನಡ, ತಮಿಳು, ತೆಲುಗು ಮೂರೂ ಓಡುತ್ತವೆ. ಬೆಂಗಳೂರಿನ ಜಿಟಿಟಿಸಿ ಅನ್ನುವ ಸರ್ಕಾರಿ ತರಬೇತಿ ಕೇಂದ್ರದಲ್ಲಿ ಟೂಲ್ ಅಂಡ್ ಡೈ ಮೇಕಿಂಗ್, ಅಂದರೆ ಅಚ್ಚು ಮಾಡುವ ಕೆಲಸ, ಓದಿದೆ. ಅಪ್ಪ ರಾಗಿ ಬೆಳೆಯುವವರು. ಗುದ್ದಲಿಗೆ ಕಾವು ಹಾಕಿದರೆ ಬೆಣೆ ಹೊಡೆದು ಒಂದು ರಾತ್ರಿ ನೀರಿನಲ್ಲಿ ಇಡುತ್ತಿದ್ದರು, ಮರ ಉಬ್ಬಿ ಬಿಗಿಯಾಗಲಿ ಅಂತ. "ಕಾವು ಸಡಿಲ ಇದ್ರೆ ಗುದ್ದಲಿ ಬೀಳೋದು ನಮ್ಮ ಕಾಲಿಗೇ ಕಣಪ್ಪ" ಅನ್ನುತ್ತಿದ್ದರು. ಆ ನಾಲ್ಕು ಪೆಟ್ಟಿಗೆ ಮುಂದೆ ನಿಂತಾಗ ಆ ಮಾತೇ ತಲೆಯಲ್ಲಿ ತಿರುಗುತ್ತಿತ್ತು.

ಅದಕ್ಕೂ ಮೊದಲು ನಾವು ಮಾಡುತ್ತಿದ್ದದ್ದು ಸ್ಕ್ರೂಡ್ರೈವರ್ ಹಿಡಿ. ಅದರಲ್ಲಿ ತೊಂದರೆ ಬಂದಿರಲಿಲ್ಲ. ಸ್ಟೀಲ್ ಕಡ್ಡಿಯ ಹಿಂದಿನ ತುದಿಯನ್ನು ಎರಡೂ ಕಡೆ ಒತ್ತಿ ರೆಕ್ಕೆ ತೆಗೆದಿರುತ್ತಾರೆ. ಜೋರಾಗಿ ತಿರುಗಿಸಿದರೂ ಕಡ್ಡಿ ಹಿಡಿಯೊಳಗೆ ಸುತ್ತಬಾರದು, ಅದಕ್ಕೆ. ಕಡ್ಡಿಯನ್ನು ಅಚ್ಚಿನಲ್ಲಿಟ್ಟು ಸುತ್ತ ಪಾಲಿಪ್ರೊಪಿಲೀನ್, ಅಂದರೆ ಪಿಪಿ ಅನ್ನುವ ಪ್ಲಾಸ್ಟಿಕ್ಕನ್ನು ಕರಗಿಸಿ ಒತ್ತಡದಲ್ಲಿ ತುಂಬುತ್ತೇವೆ, ನಮ್ಮ ಮಾತಿನಲ್ಲಿ ಹೊಡೆಯುತ್ತೇವೆ. ಆ ತುಂಡನ್ನು ಎರಡನೇ ಅಚ್ಚಿಗೆ ಹಾಕಿ ಮೇಲೆ ಟಿಪಿಇ ಹೊಡೆಯುತ್ತೇವೆ. ಟಿಪಿಇ ಅಂದರೆ ಥರ್ಮೋಪ್ಲಾಸ್ಟಿಕ್ ಇಲಾಸ್ಟೊಮರ್. ಮುಟ್ಟಲು ರಬ್ಬರ್, ಆದರೆ ಪ್ಲಾಸ್ಟಿಕ್ಕಿನಂತೆ ಕರಗಿ ಮತ್ತೆ ಗಟ್ಟಿಯಾಗುತ್ತದೆ.

ಹೀಗೆ ಎರಡು ಶಾಟ್, ಅಂದರೆ ಎರಡು ಸಲ ಹೊಡೆಯುವುದು, ಬರೀ ಅಂದಕ್ಕೆ ಅಂತ ಜಾಸ್ತಿ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಸ್ಕ್ರೂಡ್ರೈವರ್ ಹಿಡಿ ದಪ್ಪ ಇರುತ್ತದೆ. ಪ್ಲಾಸ್ಟಿಕ್ ದಪ್ಪ ಎರಡು ಪಟ್ಟಾದರೆ ತಣ್ಣಗಾಗಲು ಸುಮಾರು ನಾಲ್ಕು ಪಟ್ಟು ಹೊತ್ತು ಬೇಕು. ಒಂದೇ ಸಲ ಹೊಡೆದರೆ ಒಳಗೆ ಗುಳ್ಳೆ, ಮೇಲೆ ಗುಳಿ. ಎರಡಾಗಿ ಹಂಚಿದರೆ ಒಳಗಿನ ತುಂಡು ತೆಳ್ಳಗಾಗುತ್ತದೆ, ಬೇಗ ಆರುತ್ತದೆ. ಅದರ ಮೇಲೆ ಸಣ್ಣ ಗುಳಿ ಬಿದ್ದಿದ್ದರೂ ಎರಡನೇ ಪದರ ಮುಚ್ಚಿಕೊಳ್ಳುತ್ತದೆ.

ಗ್ರೈಂಡರ್ ಹಿಡಿಯ ಆರ್ಡರ್ ಬಂದಾಗ ಒಳಗಿನದು ಶೇಕಡಾ 30 ಗಾಜಿನ ಎಳೆ ಸೇರಿಸಿದ ನೈಲಾನ್ ಆಗಿತ್ತು. ಪವರ್ ಟೂಲ್ ಬಾಡಿಗಳಿಗೆ ಅದನ್ನೇ ಜಾಸ್ತಿ ಹಾಕುವುದು. ಬಿಸಿ ತಡೆಯುತ್ತದೆ, ಬಿದ್ದರೆ ಬೇಗ ಒಡೆಯುವುದಿಲ್ಲ. ನಾನು ಮಾಡಿದ ತಪ್ಪು ಒಂದೇ. ಸ್ಕ್ರೂಡ್ರೈವರ್‌ಗೆ ಬಳಸುತ್ತಿದ್ದ ಟಿಪಿಇ ಚೀಲವನ್ನೇ ಬಿಚ್ಚಿ ಈ ಕೆಲಸಕ್ಕೂ ಹಾಪರಿಗೆ, ಅಂದರೆ ಮೆಷಿನ್ನಿಗೆ ಪ್ಲಾಸ್ಟಿಕ್ ಕಾಳು ತುಂಬುವ ಬಾಯಿಗೆ, ಸುರಿದೆ.

ಟಿಪಿಇ ಅನ್ನುವುದು ಮನೆತನದ ಹೆಸರು ಇದ್ದಂತೆ. ಒಳಗೆ ಬೇರೆ ಬೇರೆ ಮಕ್ಕಳಿದ್ದಾರೆ. ನಾವು ಬಳಸುತ್ತಿದ್ದದ್ದು ಎಸ್‌ಇಬಿಎಸ್ ಜಾತಿಯದು. ಅದರ ಮಿಶ್ರಣದಲ್ಲೇ ಪಿಪಿ ಇರುತ್ತದೆ. ಹಾಗಾಗಿ ಬಿಸಿಯಲ್ಲಿ ಪಿಪಿ ತುಂಡಿನ ಮೇಲ್ಮೈ ಜೊತೆ ಬೆರೆತು ಒಂದಾಗುತ್ತದೆ. ನೈಲಾನಿನ ಗುಣವೇ ಬೇರೆ. ಎಣ್ಣೆ ನೀರು ಸೇರದ ಹಾಗೆ ಇವೆರಡೂ ಸೇರುವುದಿಲ್ಲ. ಪ್ರೆಶರ್ ಎಷ್ಟು ಏರಿಸಿದರೂ ಪ್ರಯೋಜನವಿಲ್ಲ. ನೈಲಾನಿಗೆ ಅಂಟಲೆಂದೇ ಮಾಡಿದ ಗ್ರೇಡ್ ಬೇರೆ ಸಿಗುತ್ತದೆ. ಎಬಿಎಸ್ ಅನ್ನುವ ಇನ್ನೊಂದು ಪ್ಲಾಸ್ಟಿಕ್ಕಿಗೆ ಬೇರೆಯದು ಬೇಕು. ಈಗ ಮಾಲು ತರಿಸುವಾಗ ಗಡಸುತನ ಎಷ್ಟು, ಬಣ್ಣ ಯಾವುದು ಅಂತ ಕೇಳುವ ಮೊದಲೇ, ಇದು ಯಾವುದಕ್ಕೆ ಅಂಟುತ್ತದೆ ಅಂತ ಕೇಳುತ್ತೇನೆ.

ಗ್ರೇಡ್ ಬದಲಿಸಿದೆವು. ಆದರೂ ಹತ್ತರಲ್ಲಿ ಎರಡು ಮೂರು ಕಿತ್ತು ಬರುತ್ತಿದ್ದವು. ಅದು ಅಕ್ಟೋಬರ್ ತಿಂಗಳು, ಹೊಸೂರಿನಲ್ಲಿ ಮಳೆ ಹಿಡಿದಿತ್ತು. ನೈಲಾನ್ ಗಾಳಿಯಲ್ಲಿರುವ ತೇವ ಹೀರುತ್ತದೆ ಅಂತ ಓದಿದ್ದೆ, ಕಾಳನ್ನು 80 ಡಿಗ್ರಿಯಲ್ಲಿ ನಾಲ್ಕು ಗಂಟೆ ಒಣಗಿಸುತ್ತಲೂ ಇದ್ದೆ. ಮೊದಲ ಶಾಟ್ ಆದ ತುಂಡುಗಳನ್ನು ಮಾತ್ರ ಕ್ರೇಟಿನಲ್ಲಿ ತೆರೆದಿಟ್ಟು, ಮಾರನೇ ದಿನ ಎರಡನೇ ಶಾಟ್ ಹೊಡೆಯುತ್ತಿದ್ದೆವು. ರಾತ್ರಿಯಿಡೀ ಅವು ತೇವ ಕುಡಿಯುತ್ತಿದ್ದವು. ತಣ್ಣಗೂ ಆಗಿರುತ್ತಿದ್ದವು. ತಣ್ಣಗಿನ ತುಂಡಿಗೆ ಬಿಸಿ ಟಿಪಿಇ ತಾಗಿದ ತಕ್ಷಣ ಹೆಪ್ಪುಗಟ್ಟುತ್ತದೆ, ಬೆರೆಯಲು ಹೊತ್ತೇ ಸಿಗುವುದಿಲ್ಲ.

ಈಗ ಎರಡು ಮೆಷಿನ್ ಅಕ್ಕಪಕ್ಕ ಇಟ್ಟಿದ್ದೇವೆ. ಮೊದಲ ಮೆಷಿನ್ನಿನಿಂದ ತೆಗೆದ ತುಂಡು ಹತ್ತು ನಿಮಿಷದೊಳಗೆ ಎರಡನೆಯದಕ್ಕೆ ಹೋಗಲೇಬೇಕು. ಊಟದ ಹೊತ್ತು ಬಂದರೆ ಎರಡನ್ನೂ ನಿಲ್ಲಿಸುತ್ತೇವೆ. ಉಳಿದ ನೈಲಾನ್ ತುಂಡುಗಳನ್ನು ಓವನ್‌ನಲ್ಲಿ ಒಣಗಿಸಿ, ಬಿಸಿ ಇರುವಾಗಲೇ ಹಾಕುತ್ತೇವೆ. ಟಿಪಿಇ ಕರಗಿಸುವ ಬ್ಯಾರೆಲ್ 200 ಡಿಗ್ರಿಯಲ್ಲಿ ಓಡುತ್ತಿತ್ತು, ಈ ಗ್ರೇಡಿಗೆ 240ರ ಸುತ್ತ ಇಟ್ಟೆವು.

ಹತ್ತು ನಿಮಿಷದ ಈ ನಿಯಮದಿಂದ ಪಿಪಿ ಹಿಡಿಗಳಲ್ಲೂ ಒಂದು ಲಾಭ ಆಯಿತು. ಪಿಪಿ ಅಚ್ಚಿನಿಂದ ಬಂದ ಮೇಲೂ ಒಂದು ದಿನದ ತನಕ ಕುಗ್ಗುತ್ತಲೇ ಇರುತ್ತದೆ. ನಿನ್ನೆಯ ತುಂಡು, ಇವತ್ತಿನ ತುಂಡು ಒಂದೇ ಅಳತೆ ಇರುವುದಿಲ್ಲ. ಸಣ್ಣದಾದ ತುಂಡು ಎರಡನೇ ಅಚ್ಚಿನಲ್ಲಿ ಸಡಿಲ ಕೂತು ಟಿಪಿಇ ಸಂದಿಯಲ್ಲೆಲ್ಲ ಸೋರುತ್ತಿತ್ತು. ಹೆಂಗಸರಿಬ್ಬರು ಬ್ಲೇಡ್ ಹಿಡಿದು ದಿನವಿಡೀ ಆ ಫ್ಲ್ಯಾಶ್ ಕೆರೆಯುತ್ತಾ ಕೂರುತ್ತಿದ್ದರು. ಈಗ ಆ ಕೆಲಸವೇ ಇಲ್ಲ. ಅವರಿಬ್ಬರೂ ಮೆಷಿನ್ ಆಪರೇಟರ್ ಆಗಿದ್ದಾರೆ.

ಅಂಚಿನ ಪಾಠ ಹೇಳಿಕೊಟ್ಟವರು ಪೀಣ್ಯದಲ್ಲಿ ಡೈ ಮಾಡುವ ಹಿರಿಯರೊಬ್ಬರು. ನನ್ನ ಡ್ರಾಯಿಂಗ್‌ನಲ್ಲಿ ಮೆತ್ತಗಿನ ಪದರ ಕೊನೆಗೆ ಬರುತ್ತಾ ಬರುತ್ತಾ ತೆಳ್ಳಗಾಗಿ ಮುಗಿಯುತ್ತಿತ್ತು. "ಹೀಗೆ ಬಿಡಬೇಡಪ್ಪ, ಉಗುರು ಸಿಕ್ಕಿದ ಕಡೆ ಎದ್ದು ಬರುತ್ತೆ. ಗಟ್ಟಿ ತುಂಡಲ್ಲಿ ಒಂದು ಮೆಟ್ಟಿಲು ಕೊಡು, ಮೆತ್ತಗಿರೋದು ಅಲ್ಲಿ ಬಂದು ಗೋಡೆಗೆ ಒರಗಲಿ" ಅಂದರು. ಒಂದು ಮಿಲಿಮೀಟರ್ ಆಳದ ಮೆಟ್ಟಿಲು ಕೊಟ್ಟೆವು. ಜೊತೆಗೆ ನೈಲಾನ್ ತುಂಡಿನಲ್ಲಿ ಅಡ್ಡ ತೂತುಗಳನ್ನೂ ಬಿಟ್ಟೆವು. ಟಿಪಿಇ ಆ ತೂತಿನೊಳಗೆ ಹರಿದು ಆಚೆ ಬದಿಯ ಪದರ ಸೇರಿಕೊಳ್ಳುತ್ತದೆ. ಅಂಟು ಸೋತರೂ ಅದು ಹಿಡಿದುಕೊಂಡಿರುತ್ತದೆ. ಅಪ್ಪ ಕಾವಿಗೆ ಹೊಡೆಯುತ್ತಿದ್ದ ಬೆಣೆಯ ಕೆಲಸವೇ ಇದು.

ಇನ್ನೊಂದು ಸಂಗತಿ ಹೇಳಲೇಬೇಕು. ತುಂಡು ಸಲೀಸಾಗಿ ಬಿಡಲಿ ಅಂತ ಅಚ್ಚಿಗೆ ಸಿಲಿಕೋನ್ ಸ್ಪ್ರೇ ಹೊಡೆಯುವ ಅಭ್ಯಾಸ ನಮ್ಮ ಕಡೆ ಎಲ್ಲ ಶೆಡ್ಡಿನಲ್ಲೂ ಇದೆ. ಮೊದಲ ಶಾಟಿನ ಅಚ್ಚಿಗೆ ಅದು ಬೀಳಲೇಬಾರದು. ಕಣ್ಣಿಗೆ ಕಾಣದ ಆ ಜಿಡ್ಡು ಸಾಕು, ಪದರ ಕಿತ್ತು ಬರುತ್ತದೆ. ಎಣ್ಣೆ ಕೈಯಲ್ಲಿ ಮುಟ್ಟಿದರೂ ಅಷ್ಟೇ. ನಾವು ಸ್ಪ್ರೇ ಡಬ್ಬಿಯನ್ನು ಆ ಎರಡು ಮೆಷಿನ್ ಹತ್ತಿರ ಬಿಡುವುದಿಲ್ಲ.

ಪರೀಕ್ಷೆ ಸುಲಭ. ಗಂಟೆಗೊಂದು ಹಿಡಿ ತೆಗೆದು ಬ್ಲೇಡಿನಿಂದ ಎರಡು ಸಾಲು ಗೀರಿ, ನಡುವಿನ ಪಟ್ಟಿಯನ್ನು ಇಕ್ಕಳದಲ್ಲಿ ಹಿಡಿದು ಎಳೆಯುತ್ತೇವೆ. ಪಟ್ಟಿ ತುಂಡಾಗಿ, ನೈಲಾನ್ ಮೇಲೆ ಟಿಪಿಇ ಉಳಿದರೆ ಸರಿ. ಚೊಕ್ಕವಾಗಿ ಸಿಪ್ಪೆಯಂತೆ ಬಂದರೆ ಆ ಗಂಟೆಯ ಮಾಲು ಪೂರ್ತಿ ಪಕ್ಕಕ್ಕೆ.

ಎರಡು ಬೇಡಿಕೆಗಳಿಗೆ ನಾನು ಒಪ್ಪಲಿಲ್ಲ. ಒಬ್ಬರು ಪೆಟ್ಟಿಗೆ ಮೇಲೆ "ಕಂಪನ ಇಲ್ಲ" ಅಂತ ಮುದ್ರಿಸಿ ಅಂದರು. ಎರಡು ಮಿಲಿಮೀಟರ್ ಮೆತ್ತಗಿನ ಪದರ ಕೈಗೆ ಹಿಡಿತ ಕೊಡುತ್ತದೆ. ಗ್ರೈಂಡರಿನ ಕಂಪನ ಅದರಿಂದ ಅಷ್ಟಾಗಿ ಇಳಿಯುವುದಿಲ್ಲ. ಅದಕ್ಕೆ ಬೋಲ್ಟಿಗೂ ಹಿಡಿಗೂ ನಡುವೆಯೇ ರಬ್ಬರ್ ಜೋಡಣೆ ಬೇಕು. ಇನ್ನೊಬ್ಬರು ಸ್ಕ್ರೂಡ್ರೈವರ್ ಮೇಲೆ 1000 ವೋಲ್ಟ್ ಗುರುತು ಹಾಕಿಕೊಡಿ ಅಂದರು. ಆ ಗುರುತು ಐಇಸಿ 60900 ಅನ್ನುವ ಮಾನದಂಡದ್ದು. ಅದರಂತೆ ಹಿಡಿಯನ್ನೂ ಕಡ್ಡಿಯ ಮೇಲಿನ ಹೊದಿಕೆಯನ್ನೂ 10,000 ವೋಲ್ಟಿನಲ್ಲಿ ಪರೀಕ್ಷೆ ಮಾಡಬೇಕು. ನನ್ನ ಹತ್ತಿರ ಆ ವ್ಯವಸ್ಥೆ ಇಲ್ಲ. ನನ್ನ ಭಾವಮೈದುನ ವೈರಿಂಗ್ ಕೆಲಸ ಮಾಡುತ್ತಾನೆ. ಆ ಗುರುತು ನಂಬಿ ಅವನಂಥವರು ಲೈವ್ ವೈರಿಗೆ ಕೈ ಹಾಕುತ್ತಾರೆ. ಸುಮ್ನೆ ಅಚ್ಚು ಹಾಕಿಕೊಡಲು ನನ್ನಿಂದ ಆಗುವುದಿಲ್ಲ ಅಂದೆ.

ಎರಡು ಬ್ಯಾರೆಲ್ ಇರುವ, ಅಚ್ಚು ತಾನೇ ಅರ್ಧ ಸುತ್ತು ತಿರುಗುವ ಮೆಷಿನ್ ಯಾಕೆ ತರಲಿಲ್ಲ ಅಂತ ಕೇಳುವವರಿದ್ದಾರೆ. ಅದರಲ್ಲಿ ತುಂಡನ್ನು ಕೈಯಲ್ಲಿ ಮುಟ್ಟುವುದೇ ಇಲ್ಲ. ಬಿಸಿಯಾಗಿ, ಚೊಕ್ಕವಾಗಿ ನೇರ ಎರಡನೇ ಶಾಟಿಗೆ ಹೋಗುತ್ತದೆ. ಅಂಟು ಚೆನ್ನಾಗಿ ಬರುತ್ತದೆ ಅನ್ನುವುದರಲ್ಲಿ ಅನುಮಾನವಿಲ್ಲ. ಆದರೆ ಒಂದೇ ಮಾಡೆಲ್ ಲಕ್ಷಗಟ್ಟಲೆ ಓಡಿದರೆ ಮಾತ್ರ ಅದರ ಸಾಲ ತೀರುತ್ತದೆ. ನಮ್ಮಲ್ಲಿ ವಾರಕ್ಕೊಂದು ಮಾಡೆಲ್ ಬದಲಾಗುತ್ತದೆ.

ವಾಪಸ್ ಬಂದ ಆ ನಾಲ್ಕು ಪೆಟ್ಟಿಗೆಯ ಹಿಡಿಗಳನ್ನು ಕೈಯಲ್ಲೇ ಸುಲಿದೆವು. ಒಂದಕ್ಕೊಂದು ಅಂಟಿರದ ಕಾರಣ ನೈಲಾನ್ ಬೇರೆ, ಟಿಪಿಇ ಬೇರೆಯಾಗಿ ಸಿಕ್ಕಿತು. ನೈಲಾನನ್ನು ಪುಡಿ ಮಾಡಿ ಸಣ್ಣಪುಟ್ಟ ಕ್ಲಿಪ್ ಹೊಡೆದೆವು. ಈಗಿನ ರಿಜೆಕ್ಟುಗಳು ಹಾಗೆ ಬಿಡಿಸಲು ಬರುವುದಿಲ್ಲ. ಅವುಗಳಿಗೆ ಶೆಡ್ಡಿನ ಮೂಲೆಯಲ್ಲಿ ಒಂದು ಚೀಲ ಬೇರೆ ಇಟ್ಟಿದ್ದೇವೆ. ಹೋದ ತಿಂಗಳು ಅದು ಅರ್ಧವೂ ತುಂಬಲಿಲ್ಲ.