ನಕ್ಷೆಯ ಮೇಲೆ ಒಂದು ವೃತ್ತ

ಪಿಯುಸಿ ಮಕ್ಕಳಿಗೆ ನಾನು ಇತಿಹಾಸ ಪಾಠ ಮಾಡುತ್ತೇನೆ. ಎರಡನೇ ಮಹಾಯುದ್ಧದ ಪಾಠ ಬಂದಾಗ, ಜನ ವಾಸ ಮಾಡುವ ಊರಿನ ಮೇಲೆ ಬಾಂಬ್ ಹಾಕಿದ್ದು ಸರಿಯಾ ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಮೊದಲ ಸಲ ಹಿರೋಶಿಮಾದ ಫೋಟೋ ತೋರಿಸಿದೆ. ಒಬ್ಬಳು ಅತ್ತುಬಿಟ್ಟಳು, ಉಳಿದವರು ‘ಅಯ್ಯೋ ಪಾಪ’ ಅಂದರು, ಬೆಲ್ ಹೊಡೆಯಿತು. ಅಷ್ಟೇ. ಯಾರೂ ಏನೂ ಯೋಚಿಸಲಿಲ್ಲ.

ಮುಂದಿನ ವರ್ಷ ಫೋಟೋ ಬಿಟ್ಟು, ತಾಲ್ಲೂಕಿನ ನಕ್ಷೆ ಮತ್ತು ಕೈವಾರ ಹಿಡಿದು ಕ್ಲಾಸಿಗೆ ಹೋದೆ.

1941ರ ಆಗಸ್ಟ್‌ನಲ್ಲಿ ಬ್ರಿಟನ್ ಸರ್ಕಾರಕ್ಕೆ ಒಂದು ವರದಿ ಬಂತು. ಬಟ್ ಎಂಬ ಅಧಿಕಾರಿ, ರಾತ್ರಿ ಬಾಂಬ್ ಹಾಕಲು ಹೋಗಿದ್ದ ಬ್ರಿಟಿಷ್ ವಿಮಾನಗಳಿಂದ ತೆಗೆದ ಫೋಟೋಗಳನ್ನು ಕೂತು ಪರಿಶೀಲಿಸಿ ಬರೆದದ್ದು. ಗುರಿ ಮುಟ್ಟಿದೆವು ಅಂತ ಹೇಳಿಕೊಂಡ ವಿಮಾನಗಳಲ್ಲಿ ಮೂರಕ್ಕೆ ಒಂದು ಮಾತ್ರ ಗುರಿಯಿಂದ ಐದು ಮೈಲಿಯೊಳಗೆ ಹೋಗಿತ್ತು. ಕಾರ್ಖಾನೆಗಳೇ ತುಂಬಿದ ಜರ್ಮನಿಯ ರೂರ್ ಪ್ರದೇಶದಲ್ಲಂತೂ ಹತ್ತಕ್ಕೆ ಒಂದು. ಐದು ಮೈಲಿ ಅಂದರೆ 8 ಕಿಲೋಮೀಟರ್. ಕಾಲೇಜನ್ನು ನಡುವೆ ಇಟ್ಟು ಅಷ್ಟು ದೂರಕ್ಕೆ ವೃತ್ತ ಎಳೆಯಿರಿ ಅಂದೆ. ಬಸ್ ಸ್ಟ್ಯಾಂಡ್, ಸರ್ಕಾರಿ ಆಸ್ಪತ್ರೆ, ಸಂತೆ ಮೈದಾನ, ಕೆರೆ, ಸುತ್ತಲಿನ ಹಳ್ಳಿಗಳು ಎಲ್ಲ ಒಳಗೇ ಬಂದವು. ಮಕ್ಕಳು ತಮ್ಮ ತಮ್ಮ ಮನೆ ಹುಡುಕತೊಡಗಿದರು. ‘ಇದಕ್ಕೆ ಗುರಿ ಮುಟ್ಟೋದು ಅಂತಾರಾ ಸರ್?’

ಕಾರ್ಖಾನೆಗೆ ಬಾಂಬ್ ಬೀಳುತ್ತಿಲ್ಲ. ಹಾಗಾದರೆ ಏನು ಮಾಡೋದು? 1942ರ ಫೆಬ್ರವರಿ 14ರ ಆದೇಶದಲ್ಲಿ ಗುರಿಯನ್ನೇ ದೊಡ್ಡದು ಮಾಡಿದರು. ಶತ್ರು ದೇಶದ ಜನರ, ಅದರಲ್ಲೂ ಕಾರ್ಮಿಕರ, ಮನೋಬಲ ಮುರಿಯಬೇಕು ಅಂತ ಬರೆದರು. ಊರಿಗೆ ಊರೇ ಗುರಿಯಾಯಿತು.

‘ಶುರು ಮಾಡಿದ್ದು ಜರ್ಮನಿಯವರೇ ಅಲ್ವಾ ಸರ್?’ ಹೌದು. ವಾರ್ಸಾ, ರಾಟರ್‌ಡ್ಯಾಮ್, ಕವೆಂಟ್ರಿ ಊರುಗಳ ಮೇಲೆ ಅವರು ಬಾಂಬ್ ಹಾಕಿದ್ದರು. ಲಂಡನ್ ಮತ್ತಿತರ ಊರುಗಳಲ್ಲಿ 40,000ಕ್ಕೂ ಹೆಚ್ಚು ಜನ ಸತ್ತಿದ್ದರು. ಇದನ್ನು ಮುಚ್ಚಿಟ್ಟು ಪಾಠ ಮಾಡಿದರೆ ಮಕ್ಕಳು ನಮ್ಮನ್ನು ನಂಬೋದಿಲ್ಲ.

ಇನ್ನೊಬ್ಬ ಕೇಳಿದ, ‘ನಮ್ಮ ಮಾವ ಎಚ್‌ಎಎಲ್‌ನಲ್ಲಿದ್ದಾರೆ. ಯುದ್ಧ ಬಂದರೆ ಅವರನ್ನು ಕೊಲ್ಲಬಹುದಾ?’ ಅರ್ಧ ಗಂಟೆ ಇಲ್ಲೇ ಹೋಯಿತು. ವಿಮಾನ ಕಾರ್ಖಾನೆ ಗುರಿಯಾಗಬಹುದು, ಮಾವ ರಾತ್ರಿ ಮಲಗುವ ಬೀದಿ ಆಗಬಾರದು ಅಂದೆ. ಯುದ್ಧ ನಡೆಯುತ್ತಿದ್ದಾಗಲೇ ಬ್ರಿಟನ್ನಿನಲ್ಲೇ ಒಬ್ಬರು ಇದನ್ನು ಹೇಳಿದ್ದರು. ಬಿಷಪ್ ಜಾರ್ಜ್ ಬೆಲ್, 1944ರ ಫೆಬ್ರವರಿ 9ರಂದು, ಅಲ್ಲಿನ ಸಂಸತ್ತಿನ ಮೇಲ್ಮನೆಯಾದ ಹೌಸ್ ಆಫ್ ಲಾರ್ಡ್ಸ್‌ನಲ್ಲಿ. ಇಡೀ ಊರನ್ನು ಒಂದೇ ಗುರಿ ಅಂತ ಎಣಿಸಿ ಬಾಂಬ್ ಹಾಕಬಾರದು ಅನ್ನುವ ನಿಯಮ ಕಾಗದಕ್ಕೆ ಇಳಿದದ್ದು 1977ರಲ್ಲಿ, ಯುದ್ಧದ ನಿಯಮಗಳನ್ನು ಹೇಳುವ ಜಿನೀವಾ ಒಪ್ಪಂದಗಳಿಗೆ ಸೇರಿಸಿದ ಪ್ರೋಟೋಕಾಲ್‌ನಲ್ಲಿ (ಪೂರಕ ಒಪ್ಪಂದದಲ್ಲಿ). (ಭಾರತ ಅದಕ್ಕೆ ಸೇರಿಲ್ಲ. ಇದನ್ನು ಹೇಳಿದಾಗ ಕ್ಲಾಸ್ ಸ್ವಲ್ಪ ಹೊತ್ತು ಸುಮ್ಮನಾಯಿತು.)

ನನ್ನನ್ನು ಕೇಳಿದರೆ, 1942ರ ಬಗ್ಗೆ ನಾನೂ ತಡವರಿಸುತ್ತೇನೆ. ಜರ್ಮನಿಗೆ ನೇರವಾಗಿ ಹೊಡೆಯಲು ಬ್ರಿಟನ್ನಿಗೆ ಬಾಂಬರ್ ಬಿಟ್ಟರೆ ಬೇರೆ ದಾರಿ ಜಾಸ್ತಿ ಇರಲಿಲ್ಲ. ಆದರೆ 1944ರ ಹೊತ್ತಿಗೆ ರೇಡಿಯೋ ಉಪಕರಣಗಳು ಬಂದಿದ್ದವು, ಫ್ರಾನ್ಸಿನ ರೈಲ್ವೆ ಯಾರ್ಡುಗಳಿಗೆ ಗುರಿಯಿಟ್ಟು ಹೊಡೆಯುತ್ತಿದ್ದರು. ಗುರಿ ಸಿಗೋದಿಲ್ಲ ಅನ್ನುವ ನೆಪ ಮುಗಿದಿತ್ತು. ಊರು ಸುಡುವ ಅಭ್ಯಾಸ ಮಾತ್ರ ನಿಲ್ಲಲಿಲ್ಲ. 1945ರ ಫೆಬ್ರವರಿಯಲ್ಲಿ ಜರ್ಮನಿಯ ಡ್ರೆಸ್ಡೆನ್ ನಗರ ಸುಟ್ಟುಹೋಯಿತು. ಸತ್ತವರು ಸುಮಾರು 25,000.

ಕೊನೆಗೆ ಒಂದು ಹಾಳೆ ಕೊಟ್ಟೆ. ಎರಡು ಆದೇಶ, 1942ರದ್ದು ಮತ್ತು ಡ್ರೆಸ್ಡೆನ್‌ನದ್ದು. ಸಹಿ ಹಾಕುತ್ತೀರಾ, ಯಾಕೆ? ಮೊದಲನೆಯದಕ್ಕೆ ಅರ್ಧಕ್ಕಿಂತ ಜಾಸ್ತಿ ಮಕ್ಕಳು ಹಾಕಿದ್ದರು. ಎರಡನೆಯದಕ್ಕೆ ಹಾಕಿದವರು ತೀರಾ ಕಡಿಮೆ. ಅವರಲ್ಲಿ ಒಬ್ಬ ಬರೆದಿದ್ದ: ‘ವಿಮಾನ ರೆಡಿ, ಬಾಂಬ್ ರೆಡಿ, ಪೈಲಟ್ ರೆಡಿ. ಇಷ್ಟೆಲ್ಲ ಆದಮೇಲೆ ಬೇಡ ಅನ್ನೋ ಧೈರ್ಯ ನನಗಿಲ್ಲ ಸರ್.’ ಅವನಿಗೆ ಪೂರ್ತಿ ಅಂಕ ಕೊಟ್ಟೆ.