ಲಿಲ್ಲಿಗೆ ಕೋಲು ಮೊದಲು, ಮಣ್ಣು ಆಮೇಲೆ

ಮಳೆಗಾಲದಲ್ಲಿ ಡೇರೆ ಹೂವಿನ ಗಿಡಕ್ಕೆ ಕೋಲು ಕೊಟ್ಟು ಕೊಟ್ಟು ಕೈ ಪಳಗಿದವಳು ನಾನು. ನಮ್ಮ ಸಾಗರದ ಕಡೆ ಅಂಗಳ ಅಂದಮೇಲೆ ಡೇರೆ ಇರಲೇಬೇಕು. ಹಾಗಾಗಿ ಮೊದಲ ಸಲ ಲಿಲ್ಲಿ ಗೆಡ್ಡೆ ತರಿಸಿದಾಗಲೂ ಅದೇ ಧೈರ್ಯ. ಗಿಡ ವಾಲಿದ ಮೇಲೆ ನೋಡಿಕೊಂಡರಾಯಿತು ಅಂತ ಸುಮ್ನೆ ಬಿಟ್ಟೆ.

ಜನವರಿಯಲ್ಲಿ ಐದು ಮೊಗ್ಗು ಹೊತ್ತ ಗಿಡ ವಾಲಿತು. ಅಡಿಕೆ ದಬ್ಬೆ ಸೀಳಿ ಬುಡದ ಪಕ್ಕ ಚುಚ್ಚಿದೆ. ಎಳೆ ಸೌತೆಕಾಯಿ ಮುರಿದ ಹಾಗೆ ಮಣ್ಣಿನೊಳಗೆ ಕರಕ್ ಅಂತು. ದಬ್ಬೆ ಎಳೆದರೆ ತುದಿಗೆ ಬೆಳ್ಳುಳ್ಳಿ ಎಸಳಿನಂಥ ಬಿಳಿ ಚೂರು. ಗೆಡ್ಡೆಯದೇ! ಹತ್ತು ದಿನದಲ್ಲಿ ಎಲೆ ಹಳದಿಯಾಯಿತು. ಮೊಗ್ಗು ಬಿರಿಯಲೇ ಇಲ್ಲ.

ಈಗ ಗೆಡ್ಡೆ ನೆಡುವ ದಿನವೇ ಕೋಲು ಊರುತ್ತೇನೆ. ನವೆಂಬರಿನಲ್ಲಿ, ಮಳೆ ಪೂರ್ತಿ ಬಿಟ್ಟು ರಾತ್ರಿ ತಣ್ಣಗಾದಾಗ. 12 ಇಂಚಿನ ಕುಂಡಕ್ಕೆ ಮೂರು ಗೆಡ್ಡೆ ಸಾಕು. ಕೆಂಪು ಮಣ್ಣು, ಮರಳು, ಹಳೇ ಸಗಣಿ ಗೊಬ್ಬರ ಸಮಸಮ. ಮೊದಲು ಅರ್ಧ ಕುಂಡ ಮಣ್ಣು ತುಂಬಿ, ಗೆಡ್ಡೆ ಕೂರಿಸಿ, ಪ್ರತಿ ಗೆಡ್ಡೆಯಿಂದ ಎರಡು ಬೆರಳು ದೂರಕ್ಕೆ ಒಂದೊಂದು ಕೋಲು ಊರಿ. ಆಮೇಲೆ ಮಣ್ಣು ಮುಚ್ಚಿ. ಗೆಡ್ಡೆಯ ಮೇಲೆ 5 ಇಂಚಾದರೂ ಮಣ್ಣಿರಬೇಕು. ಲಿಲ್ಲಿಗೆ ಗೆಡ್ಡೆಯ ಮೇಲಿನ ದಂಟಿನಿಂದಲೂ ಬೇರು ಬರುತ್ತದೆ. ಗಿಡಕ್ಕೆ ನಿಜವಾದ ಆಸರೆ ಆ ಬೇರೇ. ಮೇಲೆ ಮೇಲೆ ನೆಟ್ಟರೆ ಎಂಥ ಕೋಲು ಕೊಟ್ಟರೂ ಗಿಡ ಅಲ್ಲಾಡುತ್ತದೆ.

ಏಷ್ಯಾಟಿಕ್ ಲಿಲ್ಲಿಗೆ ಎರಡೂವರೆ ಅಡಿ ಕೋಲು ಸಾಕು. ಪರಿಮಳದ ಓರಿಯೆಂಟಲ್ ಜಾತಿ ಎತ್ತರ ಜಾಸ್ತಿ, ಹೂವೂ ಭಾರ. ಅದಕ್ಕೆ ನಾಲ್ಕು ಅಡಿ ಬೇಕು. ಕಟ್ಟಲು ನೆನೆಸಿದ ಬಾಳೆನಾರು ಒಳ್ಳೆಯದು. ಪ್ಲಾಸ್ಟಿಕ್ ದಾರ ದಂಟನ್ನು ಕೊಯ್ಯುತ್ತದೆ. ಕೋಲಿಗೆ ಬಿಗಿಯಾಗಿ ಒಂದು ಸುತ್ತು, ನಡುವೆ ನಾರನ್ನು ತಿರುಚಿ, ದಂಟಿಗೆ ಸಡಿಲವಾಗಿ ಇನ್ನೊಂದು ಸುತ್ತು. ದಂಟಿನ ಸುತ್ತಿನಲ್ಲಿ ಕಿರುಬೆರಳು ತೂರಬೇಕು. ಒಂದು ಗಂಟು ನಡುವಿಗೆ, ಇನ್ನೊಂದು ಮೊಗ್ಗಿನ ಗೊಂಚಲಿನ ಸ್ವಲ್ಪ ಕೆಳಗೆ.

ಬೆಳಗಿನ ಬಿಸಿಲು ಸಾಕು. ಬೆರಳು ಚುಚ್ಚಿ ನೋಡಿ, ಮೇಲಿನ ಮಣ್ಣು ಒಣಗಿದ್ದರೆ ಮಾತ್ರ ನೀರು. ಮೊಗ್ಗಿಗೆ ಹೇನು ಕೂತರೆ ಬೇವಿನೆಣ್ಣೆ ಸಿಂಪಡಿಸಿ.

ಹೂ ಬಿರಿದ ದಿನವೇ ಒಳಗಿನ ಪರಾಗದ ಚೀಲಗಳನ್ನು ಕಿತ್ತುಬಿಡಿ. ಅತ್ತೆಯ ಬಿಳಿ ಸೀರೆಗೆ ಪರಾಗ ತಾಗಿದಾಗ ನಾನು ಒದ್ದೆ ಬಟ್ಟೆಯಲ್ಲಿ ಉಜ್ಜಿದೆ. ಅರಿಶಿನ ಕಲಸಿದ ಹಾಗಾಯಿತು! ಮುಟ್ಟದೆ ಸೆಲ್ಲೋಟೇಪ್ ಒತ್ತಿ ತೆಗೆಯಬೇಕಿತ್ತು. ಮನೆಯಲ್ಲಿ ಬೆಕ್ಕಿದ್ದರೆ ಮಾತ್ರ ಈ ಗಿಡವೇ ಬೇಡ. ಎಲೆ, ಹೂ, ಪರಾಗ, ಹೂದಾನಿಯ ನೀರು, ಎಲ್ಲವೂ ಬೆಕ್ಕಿಗೆ ವಿಷ. ಮೂತ್ರಪಿಂಡ ಹೋಗುತ್ತದೆ.

ಹೂ ಬಾಡಿದ ಮೇಲೆ ಅದನ್ನಷ್ಟೇ ಚಿವುಟಿ. ದಂಟು, ಎಲೆ ತಾವಾಗಿ ಹಳದಿಯಾಗುವ ತನಕ ಇರಲಿ, ಗೆಡ್ಡೆ ತುಂಬುವುದು ಆಗಲೇ. ನಮ್ಮ ಮಳೆಗೆ ಗೆಡ್ಡೆ ಮಣ್ಣಲ್ಲಿದ್ದರೆ ಕೊಳೆತೇ ಹೋಗುತ್ತದೆ. ಹಾಗಾಗಿ ಮೇ ತಿಂಗಳಲ್ಲಿ ಅಗೆದು, ತೂತು ಮಾಡಿದ ಡಬ್ಬದಲ್ಲಿ ತುಸು ತೇವದ ತೆಂಗಿನ ನಾರಿನ ಪುಡಿ ಹಾಕಿ, ಗೆಡ್ಡೆ ಹುದುಗಿಸಿ ಫ್ರಿಜ್ಜಿನಲ್ಲಿಡಿ. ಈ ಗೆಡ್ಡೆಗೆ ಈರುಳ್ಳಿಯಂತೆ ಮೇಲೆ ಸಿಪ್ಪೆ ಇಲ್ಲ, ಹೊರಗಿಟ್ಟರೆ ಬೇಗ ಒಣಗುತ್ತದೆ. ಮರುವರ್ಷ ಹೂ ಬಿಡಲು ಚಳಿಯೂ ಬೇಕಲ್ವಾ? ಪಕ್ಕದಲ್ಲಿ ಸೇಬು, ಬಾಳೆಹಣ್ಣು ಇಡಬೇಡಿ, ಹಣ್ಣಾಗುವಾಗ ಬರುವ ಗಾಳಿ ಗೆಡ್ಡೆಯ ಒಳಗಿನ ಮೊಗ್ಗನ್ನು ಕೆಡಿಸುತ್ತದೆ. ಇಷ್ಟೆಲ್ಲ ಮಾಡಿದರೂ ನನಗೆ ಎರಡನೇ ವರ್ಷ ಸಿಕ್ಕಿದ್ದು ಗಿಡಕ್ಕೆ ಎರಡೇ ಹೂ.

ಡಬ್ಬದ ಮೇಲೆ ದೊಡ್ಡದಾಗಿ ಹೆಸರು ಬರೆದಿಡಿ. ಒಂದು ದಿನ ನಮ್ಮನೆಯವರು ಒಗ್ಗರಣೆಗೆ ಅಂತ ನನ್ನ ಲಿಲ್ಲಿ ಗೆಡ್ಡೆಯ ಎಸಳು ಬಿಡಿಸುತ್ತಾ ಕೂತಿದ್ದರು.